ಮಗುವಿನ ಕಿವಿನೋವಿಗೆ ಯಾವ ಔಷಧ, ಎಷ್ಟು ಡೋಸ್: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಔಷಧ ನಿಯಂತ್ರಣ ಅಧಿಕಾರಿಗಳಿಗೆ. ಹಾಗೆಯೇ ಚೀಟಿ ಬರೆಯುವ ನಮ್ಮ ವೃತ್ತಿಬಾಂಧವರಿಗೆ, ಮೆಡಿಕಲ್ ಶಾಪಿನವರಿಗೆ ಮತ್ತು ಮಕ್ಕಳ ತಂದೆತಾಯಿಯರಿಗೆ –

ನಮಸ್ಕಾರ.

ನೆಗಡಿ ಶುರುವಾದ ಮೂರೋ ನಾಲ್ಕೋ ದಿನಕ್ಕೆ ಮಗು ರಾತ್ರಿ ಕಿವಿ ಹಿಡಿದುಕೊಂಡು ಅಳುತ್ತದೆ. ಬೆಳಿಗ್ಗೆ ಕ್ಲಿನಿಕ್ಕಿಗೆ, ಇಲ್ಲವೇ ನೇರವಾಗಿ ಮೆಡಿಕಲ್ ಶಾಪಿಗೆ ಹೋದವರ ಕೈಗೆ ಸಾಮಾನ್ಯವಾಗಿ ಬರುವುದು ಈ ಮೂರರಲ್ಲಿ ಒಂದು: ಅಜಿತ್ರೋಮೈಸಿನ್, ಸೆಫಿಕ್ಸಿಮ್, ಅಥವಾ ಅರ್ಧ ಡೋಸಿನಲ್ಲಿ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್. ಮೊದಲ ಆಯ್ಕೆಯಾಗಿ ಈ ಮೂರೂ ತಪ್ಪು. ಮಧ್ಯಕಿವಿಯ ಸೋಂಕಿಗೂ ಮಕ್ಕಳ ನ್ಯುಮೋನಿಯಾಕ್ಕೂ ಮೊದಲು ಕೊಡಬೇಕಾದದ್ದು ಬರೀ ಅಮಾಕ್ಸಿಸಿಲಿನ್. ಅದನ್ನು ಪೂರ್ತಿ ಡೋಸಿನಲ್ಲಿ ಕೊಡಬೇಕು, ಆಂಟಿಬಯಾಟಿಕ್ ನಿಜಕ್ಕೂ ಬೇಕಾದ ಮಗುವಿಗೆ ಮಾತ್ರ ಕೊಡಬೇಕು. ಈ ಔಷಧ ಹಳೆಯದು, ಅಗ್ಗದ್ದು, ಎಲ್ಲರಿಗೂ ಗೊತ್ತಿರುವಂಥದು. ಆದರೂ ಮಗುವಿನ ತೂಕಕ್ಕೆ ತಕ್ಕ ರೂಪದಲ್ಲಿ, ತಕ್ಕ ಪ್ರಮಾಣದಲ್ಲಿ ಅದು ಸಿಗುವುದು ಕಷ್ಟವಾಗಿದೆ. ಅದನ್ನು ಸರಿಪಡಿಸುವ ಅಧಿಕಾರ ತಮ್ಮ ಕೈಯಲ್ಲಿದೆ ಎಂಬ ಕಾರಣಕ್ಕೆ ಈ ಪತ್ರ.

ಮೊದಲು ಯಾವ ಜೀವಿಗಳ ಮೇಲೆ ನಾವು ಔಷಧ ಪ್ರಯೋಗಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗಬೇಕು. ನೆಗಡಿ ಬರುವುದು ವೈರಸ್‌ನಿಂದ. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಯೂಸ್ಟೇಷಿಯನ್ ನಳಿಕೆ ಚಿಕ್ಕ ಮಕ್ಕಳಲ್ಲಿ ಗಿಡ್ಡವಾಗಿರುತ್ತದೆ, ಹೆಚ್ಚು ಅಡ್ಡಡ್ಡವಾಗಿರುತ್ತದೆ. ನೆಗಡಿಯಲ್ಲಿ ಅದರ ಬಾಯಿ ಊದಿ ಮುಚ್ಚಿಕೊಂಡಾಗ ಮಧ್ಯಕಿವಿಯ ಗಾಳಿ ಹೀರಿಹೋಗಿ ಒತ್ತಡ ಕುಸಿಯುತ್ತದೆ, ನೀರು ಒಸರುತ್ತದೆ. ಅಲ್ಲಿಯವರೆಗೆ ಮೂಗಿನಲ್ಲಿ ತೊಂದರೆ ಕೊಡದೆ ಇದ್ದ ಬ್ಯಾಕ್ಟೀರಿಯಾಗಳು ಆ ನೀರಿನಲ್ಲಿ ಬೆಳೆದು ಕೀವಾಗಿಸುತ್ತವೆ. ಸೈನಸ್‌ನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಮುಖ್ಯವಾಗಿ ಮೂರು ಬ್ಯಾಕ್ಟೀರಿಯಾಗಳು. ಮೊದಲನೆಯದು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ, ಅಂದರೆ ನ್ಯುಮೋಕಾಕಸ್. 1881ರಲ್ಲಿ ಫ್ರಾನ್ಸ್‌ನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಒಬ್ಬರಿಗೊಬ್ಬರು ತಿಳಿಯದೆ ಗುರುತಿಸಿದ ಜೀವಿ ಇದು. ಸಕ್ಕರೆ ಸರಪಣಿಗಳ ಕವಚ ಹೊದ್ದಿರುತ್ತದೆ. ಆ ಕವಚದ ಭೇದದಿಂದ ಸುಮಾರು 100 ಬಗೆಗಳಿವೆ. ಮೂರರಲ್ಲಿ ನಾವು ಹೆದರಬೇಕಾದದ್ದು ಇದಕ್ಕೇ. ಕಿವಿಯಲ್ಲಿ ತಾನಾಗಿ ವಾಸಿಯಾಗುವ ಸಂಭವ ಇದರಲ್ಲಿ ಕಡಿಮೆ. ಕಿವಿಯ ಹಿಂದಿನ ಮೂಳೆಗೆ, ರಕ್ತಕ್ಕೆ, ಮಿದುಳಿನ ಪೊರೆಗೆ ಹಬ್ಬುವುದೂ ಇದೇ. ಎರಡನೆಯದು ಹಿಮೋಫಿಲಸ್ ಇನ್‌ಫ್ಲುಯೆಂಜೆ. ಕವಚವಿರುವ ಇದರ ‘ಬಿ’ ಬಗೆಯನ್ನು ಪೆಂಟಾವೇಲೆಂಟ್ ಲಸಿಕೆ ತಡೆಯುತ್ತದೆ. ಕಿವಿಗೆ ಇಳಿಯುವುದು ಹೆಚ್ಚಾಗಿ ಕವಚವಿಲ್ಲದ ಬಗೆ, ಅದಕ್ಕೆ ಆ ಲಸಿಕೆ ತಾಗದು. ಮೂರನೆಯದು ಮೊರಾಕ್ಸೆಲ್ಲಾ ಕೆಟರಾಲಿಸ್. ಮೂರರಲ್ಲಿ ಸೌಮ್ಯ, ಬಹಳಷ್ಟು ಸಲ ಔಷಧವಿಲ್ಲದೆಯೂ ಅಡಗುತ್ತದೆ.

ಈ ಮೂರೂ ಔಷಧವನ್ನು ಎದುರಿಸುವ ರೀತಿ ಬೇರೆ ಬೇರೆ. ಚಿಕಿತ್ಸೆಯ ತರ್ಕವೆಲ್ಲ ನಿಂತಿರುವುದು ಇಲ್ಲಿ. ಮೊರಾಕ್ಸೆಲ್ಲಾದ ಹೆಚ್ಚುಕಡಿಮೆ ಎಲ್ಲ ತಳಿಗಳೂ, ಹಿಮೋಫಿಲಸ್‌ನ ಒಂದು ಪಾಲು ತಳಿಗಳೂ ಬೀಟಾ–ಲ್ಯಾಕ್ಟಮೇಸ್ ಎಂಬ ಕಿಣ್ವ ಸುರಿಸಿ ಅಮಾಕ್ಸಿಸಿಲಿನ್ ಅನ್ನು ಮುರಿದುಹಾಕುತ್ತವೆ. ಆ ಕಿಣ್ವವನ್ನು ಕಟ್ಟಿಹಾಕುವುದೇ ಕ್ಲಾವುಲನೇಟ್‌ನ ಕೆಲಸ. ನ್ಯುಮೋಕಾಕಸ್ ಈ ಕಿಣ್ವವನ್ನು ತಯಾರಿಸುವುದೇ ಇಲ್ಲ. ಪೆನಿಸಿಲಿನ್ ಹೋಗಿ ಅಂಟಿಕೊಳ್ಳುವ ತನ್ನ ಪ್ರೋಟೀನುಗಳ ಆಕಾರವನ್ನೇ ಅದು ಬದಲಿಸಿಕೊಳ್ಳುತ್ತದೆ. ಆಗ ಔಷಧ ಅಂಟುತ್ತದೆ, ಆದರೆ ಸಡಿಲವಾಗಿ. ಅದಕ್ಕೆ ಪರಿಹಾರ ಡೋಸ್ ಹೆಚ್ಚಿಸುವುದು. ಮಧ್ಯಕಿವಿಯ ನೀರಿನಲ್ಲಿ ಔಷಧದ ಸಾಂದ್ರತೆ ಎರಡು ಡೋಸ್‌ಗಳ ನಡುವಿನ ಸಮಯದ ಅರ್ಧದಷ್ಟಾದರೂ ಬ್ಯಾಕ್ಟೀರಿಯಾ ತಡೆಯುವ ಮಟ್ಟಕ್ಕಿಂತ ಮೇಲಿರಬೇಕು. ಹಾಗಾಗಿ ‘ಸ್ಟ್ರಾಂಗ್ ಇರಲಿ’ ಎಂದು ಕ್ಲಾವುಲನೇಟ್ ಸೇರಿಸಿ, ಅಮಾಕ್ಸಿಸಿಲಿನ್ ಮಾತ್ರ ಅರ್ಧ ಕೊಟ್ಟರೆ ಮೂರರಲ್ಲಿ ಸೌಮ್ಯವಾದ ಜೀವಿಯನ್ನು ಹೊಡೆದು ಅಪಾಯಕಾರಿಯಾದದ್ದನ್ನು ಉಳಿಸಿದಂತಾಗುತ್ತದೆ.

ಈಗ ಅಜಿತ್ರೋಮೈಸಿನ್. ದಿನಕ್ಕೊಂದು ಸಲ, ಮೂರು ದಿನ, ರುಚಿ ಪರವಾಗಿಲ್ಲ. ಅದರ ಜನಪ್ರಿಯತೆಯ ಗುಟ್ಟು ಇಷ್ಟೇ. ಆದರೆ ನ್ಯುಮೋಕಾಕಸ್‌ನಲ್ಲಿ ಈ ಗುಂಪಿನ ಔಷಧಗಳಿಗೆ ಪ್ರತಿರೋಧ ವ್ಯಾಪಕವಾಗಿದೆ. ಒಂದು ಜೀನ್, ಬ್ಯಾಕ್ಟೀರಿಯಾ ಪ್ರೋಟೀನು ತಯಾರಿಸುವ ರೈಬೋಸೋಮಿನ ಮೇಲೆ ಔಷಧ ಕೂರುವ ಜಾಗವನ್ನೇ ಮುಚ್ಚುತ್ತದೆ. ಆಗ ಡೋಸ್ ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ. ಇನ್ನೊಂದು ಜೀನ್ ಒಳಬಂದ ಔಷಧವನ್ನು ಪಂಪ್ ಮಾಡಿ ಹೊರಹಾಕುತ್ತದೆ. ಹಿಮೋಫಿಲಸ್‌ಗಂತೂ ಇಂಥ ಪಂಪ್ ಹುಟ್ಟಿನಿಂದಲೇ ಇದೆ, ಅಜಿತ್ರೋಮೈಸಿನ್‌ನಿಂದ ಕಿವಿಯೊಳಗೆ ಅದು ನಿರ್ಮೂಲವಾಗುವುದು ಕಡಿಮೆ. ಇನ್ನೂ ದೊಡ್ಡ ತೊಂದರೆಯೆಂದರೆ, ಇದರ ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಸುಮಾರು 68 ಗಂಟೆ. ಮೂರು ದಿನದ ಕೋರ್ಸ್ ಮುಗಿದ ಮೇಲೂ ವಾರಗಟ್ಟಲೆ ಅಲ್ಪ ಪ್ರಮಾಣದಲ್ಲಿ ಮೈಯಲ್ಲಿ ಉಳಿಯುತ್ತದೆ. ಮೂಗಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಆ ಪ್ರಮಾಣ ಸಾಲದು, ಪ್ರತಿರೋಧವಿರುವವನ್ನು ಆರಿಸಿ ಬೆಳೆಸಲು ಧಾರಾಳವಾಗಿ ಸಾಕು.

ಸೆಫಿಕ್ಸಿಮ್ ಹಿಮೋಫಿಲಸ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ನ್ಯುಮೋಕಾಕಸ್ ಮೇಲೆ ದುರ್ಬಲ. ಪೆನಿಸಿಲಿನ್‌ಗೆ ಸ್ವಲ್ಪ ಬಗ್ಗದ ನ್ಯುಮೋಕಾಕಸ್ ಆದರೆ ನಂಬುವಂತೆಯೇ ಇಲ್ಲ. ‘ಮೂರನೇ ತಲೆಮಾರು’ ಎಂದು ಕೇಳಿ ಇದು ಅಮಾಕ್ಸಿಸಿಲಿನ್‌ಗಿಂತ ಮೇಲು ಎಂದುಕೊಳ್ಳುವವರು ವೈದ್ಯರಲ್ಲೂ ಇದ್ದಾರೆ. ಕಿವಿ ಮತ್ತು ಶ್ವಾಸಕೋಶದ ಮಟ್ಟಿಗೆ ಅದು ಸುಳ್ಳು.

ಈ ಎರಡನ್ನೂ ಉಳಿಸಿಕೊಳ್ಳಲು ನಮಗೆ ಇನ್ನೊಂದು ಕಾರಣವಿದೆ: ಟೈಫಾಯಿಡ್. ಬಾಯಿಯ ಮೂಲಕ ಟೈಫಾಯಿಡ್‌ಗೆ ಕೊಡಲು ಇಂದು ನಮ್ಮ ಬಳಿ ಉಳಿದಿರುವ ಮುಖ್ಯ ಔಷಧಗಳು ಇವೇ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹರಡಿದ ಟೈಫಾಯಿಡ್ ತಳಿಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೂಡ ತಾಗದೆ ಹೋಯಿತು. ಬಾಯಿಗೆ ಕೊಡುವ ಔಷಧವೆಂದು ಅಲ್ಲಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ. ನಾವು ಅದನ್ನು ನೆಗಡಿಗೆ ಖರ್ಚು ಮಾಡುತ್ತಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯಾಟಿಕ್‌ಗಳನ್ನು ವಿಂಗಡಿಸಿದಾಗ ಅಮಾಕ್ಸಿಸಿಲಿನ್ ಅನ್ನು ಎಲ್ಲೆಡೆ ಸಿಗಬೇಕಾದ ಗುಂಪಿನಲ್ಲೂ, ಅಜಿತ್ರೋಮೈಸಿನ್–ಸೆಫಿಕ್ಸಿಮ್‌ಗಳನ್ನು ನಿಗಾ ಇಟ್ಟು ಬಳಸಬೇಕಾದ ಗುಂಪಿನಲ್ಲೂ ಇಟ್ಟಿದೆ. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಘೋಷಣೆಯ ಗುರಿ, 2030ರ ಹೊತ್ತಿಗೆ ಮನುಷ್ಯರಿಗೆ ಬಳಸುವ ಆಂಟಿಬಯಾಟಿಕ್‌ಗಳಲ್ಲಿ ಕನಿಷ್ಠ 70% ಮೊದಲ ಗುಂಪಿನವೇ ಆಗಿರಬೇಕು ಎಂಬುದು.

ಲೆಕ್ಕಕ್ಕೆ ಬರೋಣ. ತಪ್ಪುಗಳು ಹೆಚ್ಚು ನಡೆಯುವುದು ಇಲ್ಲೇ, ದಯವಿಟ್ಟು ತಾಳ್ಮೆಯಿಂದ ಓದಬೇಕು.

ಮಧ್ಯಕಿವಿಯ ಸೋಂಕಿಗೆ ಅಮಾಕ್ಸಿಸಿಲಿನ್ ದಿನಕ್ಕೆ ಕಿಲೋಗೆ 80ರಿಂದ 90 ಮಿ.ಗ್ರಾಂ, ಎರಡು ಸಲಕ್ಕೆ ಹಂಚಿ. 10 ಕಿಲೋ ತೂಗುವ, ಸುಮಾರು ಒಂದು ವರ್ಷದ ಮಗುವಿಗೆ ದಿನಕ್ಕೆ 800ರಿಂದ 900 ಮಿ.ಗ್ರಾಂ ಆಯಿತು, ಅಂದರೆ ಒಂದು ಹೊತ್ತಿಗೆ 400ರಿಂದ 450. ಈಗ ಅಂಗಡಿಯಲ್ಲಿ ಸಲೀಸಾಗಿ ಸಿಗುವ ‘228.5’ ಎಂದು ಬರೆದ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್ ತೆಗೆದುಕೊಳ್ಳಿ. ಆ ಸಂಖ್ಯೆ ಎರಡು ಔಷಧಗಳ ಮೊತ್ತ. 5 ಮಿ.ಲೀ.ಯಲ್ಲಿ ಅಮಾಕ್ಸಿಸಿಲಿನ್ 200 ಮಿ.ಗ್ರಾಂ, ಕ್ಲಾವುಲನೇಟ್ 28.5 ಮಿ.ಗ್ರಾಂ. ಲೆಕ್ಕ ಹಾಕಬೇಕಾದದ್ದು 200ರ ಮೇಲೆ. ರೂಢಿಯಂತೆ ‘5 ಮಿ.ಲೀ. ಬೆಳಿಗ್ಗೆ–ರಾತ್ರಿ’ ಎಂದು ಬರೆದರೆ ಮಗುವಿಗೆ ಸಿಗುವುದು ದಿನಕ್ಕೆ 400 ಮಿ.ಗ್ರಾಂ, ಕಿಲೋಗೆ 40. ಬೇಕಾದದ್ದರ ಅರ್ಧ. ಸರಿ, ಅದನ್ನೇ ಇಮ್ಮಡಿ ಮಾಡೋಣ ಎಂದರೆ ದಿನಕ್ಕೆ 20 ಮಿ.ಲೀ. ಆಗುತ್ತದೆ, 30 ಮಿ.ಲೀ. ಬಾಟಲಿ ಒಂದೂವರೆ ದಿನದಲ್ಲಿ ಖಾಲಿ, ಜೊತೆಗೆ ಕ್ಲಾವುಲನೇಟ್ ಕಿಲೋಗೆ 11 ಮಿ.ಗ್ರಾಂ ದಾಟಿ ಮಗುವಿಗೆ ಭೇದಿ ಹತ್ತಿಕೊಳ್ಳುತ್ತದೆ. ಭೇದಿ ಕಂಡ ತಾಯಿ ಔಷಧ ನಿಲ್ಲಿಸುತ್ತಾರೆ, ಅವರನ್ನು ದೂರಲಾಗದು.

ಹೆಚ್ಚಿನ ಡೋಸ್‌ಗೆಂದೇ ತಯಾರಾದ ಸಿರಪ್ ಬೇರೆ ಇದೆ. ಅದರ 5 ಮಿ.ಲೀ.ಯಲ್ಲಿ ಅಮಾಕ್ಸಿಸಿಲಿನ್ 600, ಕ್ಲಾವುಲನೇಟ್ 42.9 ಮಿ.ಗ್ರಾಂ. ಇದೇ ಮಗುವಿಗೆ ಹೊತ್ತಿಗೆ 3.75 ಮಿ.ಲೀ. ಸಾಕು, ಕ್ಲಾವುಲನೇಟ್ ಕಿಲೋಗೆ 6.4 ಮಿ.ಗ್ರಾಂ ಮಾತ್ರ, ಹೊಟ್ಟೆ ತಡೆದುಕೊಳ್ಳುತ್ತದೆ. ಕ್ಲಾವುಲನೇಟ್ ನಿಜಕ್ಕೂ ಬೇಕಾದಾಗ ಕೊಡಬೇಕಾದದ್ದು ಇದನ್ನು. ಅದು ಬೇಕಾಗುವುದು ಹಿಂದಿನ 30 ದಿನಗಳಲ್ಲಿ ಮಗು ಅಮಾಕ್ಸಿಸಿಲಿನ್ ತೆಗೆದುಕೊಂಡಿದ್ದರೆ, ಕಿವಿನೋವಿನ ಜೊತೆಗೆ ಕಣ್ಣಿನಲ್ಲೂ ಪಿಸುರು ಬರುತ್ತಿದ್ದರೆ (ಆಗ ಹಿಮೋಫಿಲಸ್‌ನ ಸಂಭವ ಹೆಚ್ಚು), ಅಥವಾ ಅಮಾಕ್ಸಿಸಿಲಿನ್ ಪೂರ್ತಿ ಡೋಸಿನಲ್ಲಿ 48ರಿಂದ 72 ಗಂಟೆ ಕೊಟ್ಟರೂ ಜ್ವರ, ನೋವು ಇಳಿಯದಿದ್ದರೆ. ಅದಕ್ಕೂ ಬಗ್ಗದಿದ್ದರೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ದಿನಕ್ಕೆ ಕಿಲೋಗೆ 50 ಮಿ.ಗ್ರಾಂ, ಮೂರು ದಿನ. ಈ ಮೆಟ್ಟಿಲುಗಳನ್ನು ಹಾರಿ ಮೊದಲ ದಿನವೇ ಇಂಜೆಕ್ಷನ್ ಕೊಡುವ ಅಭ್ಯಾಸ ನಿಲ್ಲಬೇಕು.

ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಮತ್ತು ‘5 ಮಿ.ಲೀ.’ ಮಾತ್ರ ಬರೆದು 228.5, 457, 600 ಎಂಬ ಅಂಕಿ ಬಿಟ್ಟರೆ ಅಂಗಡಿಯವರು ಇರುವ ಬಾಟಲಿ ಕೊಡುತ್ತಾರೆ. ಒಂದೇ ಚೀಟಿಗೆ ಒಂದು ಊರಿನಲ್ಲಿ 200 ಮಿ.ಗ್ರಾಂ, ಇನ್ನೊಂದು ಊರಿನಲ್ಲಿ 400. ವೃತ್ತಿಬಾಂಧವರಲ್ಲಿ ನಮ್ಮ ಕೋರಿಕೆ: ಮಗುವಿನ ತೂಕ, ಅಮಾಕ್ಸಿಸಿಲಿನ್ ಎಷ್ಟು ಮಿ.ಗ್ರಾಂ, ಯಾವ ಸಾಂದ್ರತೆಯ ಸಿರಪ್, ಎಷ್ಟು ಮಿ.ಲೀ., ಎಷ್ಟು ದಿನ, ಎಷ್ಟು ಬಾಟಲಿ – ಈ ಆರೂ ಚೀಟಿಯಲ್ಲಿ ಇರಲಿ.

ಬಾಟಲಿ ಕಲಸುವಾಗ ಆಗುವ ತಪ್ಪುಗಳೂ ಸಣ್ಣವಲ್ಲ. ಮೊದಲು ಬಾಟಲಿ ತಟ್ಟಿ ತಳಕ್ಕೆ ಅಂಟಿದ ಪುಡಿಯನ್ನು ಬಿಡಿಸಬೇಕು. ಕಾಯಿಸಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿಯುವವರೆಗೆ ಕಾದು, ಆಮೇಲೆ ಗುರುತಿನವರೆಗೆ ತುಂಬಿಸಬೇಕು. ಒಂದೇ ಸಲ ಸುರಿದು ನೊರೆಯ ಮಟ್ಟವನ್ನೇ ನೀರಿನ ಮಟ್ಟ ಎಂದುಕೊಂಡರೆ ನೀರು ಕಡಿಮೆಯಾಗಿ ಔಷಧ ಗಟ್ಟಿಯಾಗುತ್ತದೆ. ಪ್ರತಿ ಸಲ ಕುಲುಕದಿದ್ದರೆ ಪುಡಿ ತಳ ಸೇರಿ ಮೊದಲ ಡೋಸ್‌ಗಳು ನೀರಾಗಿ, ಕೊನೆಯವು ಮಿತಿಮೀರಿ ಹೋಗುತ್ತವೆ. ಮನೆಯ ಚಮಚ ಅಳತೆಗೆ ಬಾರದು. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಸಾಕು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಬೇಕು. ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿ ಮಾಡಿಕೊಂಡರೆ ಮತ್ತೊಮ್ಮೆ ಕೊಡಬೇಕು. ಕ್ಲಾವುಲನೇಟ್ ಇರುವ ಸಿರಪ್ ಕಲಸಿದ ಮೇಲೆ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು, 7 ದಿನಕ್ಕೆ ಎಸೆಯಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟ ಬಾಟಲಿಯಲ್ಲಿ ಕ್ಲಾವುಲನೇಟ್ ಬೇಗ ಕೆಡುತ್ತದೆ.

ಫ್ರಿಜ್ ಇಲ್ಲದ, ಕುಡಿಯುವ ನೀರು ನಂಬುವಂತಿಲ್ಲದ ಮನೆಗೆ ಇದೆಲ್ಲವನ್ನೂ ಉಪದೇಶಿಸುವ ಬದಲು ಸರ್ಕಾರ ಅಮಾಕ್ಸಿಸಿಲಿನ್ 250 ಮಿ.ಗ್ರಾಂ ಕರಗುವ ಮಾತ್ರೆಯನ್ನು ಕೊಡಬೇಕು. ಒಂದು ಚಮಚ ಶುದ್ಧ ನೀರಿನಲ್ಲೋ ಹಿಂಡಿದ ಎದೆಹಾಲಿನಲ್ಲೋ ಹಾಕಿದರೆ ಕರಗುತ್ತದೆ. ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ನೆನಪಿಡಲು ಸುಲಭ: 4ರಿಂದ 10 ಕಿಲೋ ಒಳಗಿನ ಮಗುವಿಗೆ ಹೊತ್ತಿಗೆ ಒಂದು, 10ರಿಂದ 14 ಕಿಲೋ ಒಳಗಿದ್ದರೆ ಎರಡು, 14ರಿಂದ 19 ಕಿಲೋವರೆಗೆ ಮೂರು, ದಿನಕ್ಕೆ ಎರಡು ಹೊತ್ತು. ಕಲಸುವುದಿಲ್ಲ, ಕುಲುಕುವುದಿಲ್ಲ, ಕೆಡುವ ಭಯವಿಲ್ಲ. ಆಶಾ ಕಾರ್ಯಕರ್ತೆಯ ಚೀಲದಲ್ಲೂ ಹಿಡಿಸುತ್ತದೆ. ಕಿವಿಯ ಸೋಂಕಿಗೆ ಈ ಅಳತೆಯನ್ನೇ ನೇರವಾಗಿ ಬಳಸುವಂತಿಲ್ಲ; 9 ಕಿಲೋ ಮಗುವಿಗೆ ಹೊತ್ತಿಗೆ ಒಂದು ಮಾತ್ರೆಯೆಂದರೆ ದಿನಕ್ಕೆ ಕಿಲೋಗೆ ಸುಮಾರು 56 ಮಿ.ಗ್ರಾಂ ಮಾತ್ರ ಆಗುತ್ತದೆ, ಹಾಗಾಗಿ ಮೇಲೆ ಹೇಳಿದ 80ರಿಂದ 90ರ ಲೆಕ್ಕದಂತೆ ವೈದ್ಯರು ಪ್ರತಿ ಮಗುವಿನ ತೂಕ ನೋಡಿ ಮಾತ್ರೆ ನಿರ್ಧರಿಸಬೇಕು.

ಎಷ್ಟು ದಿನ? ಇಲ್ಲಿ ಮಾರ್ಗಸೂಚಿಗಳಲ್ಲೇ ಭಿನ್ನಾಭಿಪ್ರಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಕಿವಿಗೆ 5 ದಿನ ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2013ರ ಮಾರ್ಗಸೂಚಿ ಎರಡು ವರ್ಷದೊಳಗಿನವರಿಗೆ 10 ದಿನ ಎನ್ನುತ್ತದೆ. 2016ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 6ರಿಂದ 23 ತಿಂಗಳ ಮಕ್ಕಳಿಗೆ 5 ದಿನ ಕೊಟ್ಟಾಗ 34% ಮಕ್ಕಳಲ್ಲಿ ಚಿಕಿತ್ಸೆ ವಿಫಲವಾಯಿತು, 10 ದಿನ ಕೊಟ್ಟಾಗ 16% ಮಕ್ಕಳಲ್ಲಿ. ಆದ್ದರಿಂದ ನಮ್ಮ ಅಭಿಪ್ರಾಯ: ಎರಡು ವರ್ಷದೊಳಗೆ 10 ದಿನ, ದಾಟಿದವರಿಗೆ ಸೌಮ್ಯ ಸೋಂಕಾದರೆ 5ರಿಂದ 7 ದಿನ.

ಆದರೆ ಇಷ್ಟೆಲ್ಲ ಕೊಡಬೇಕಾದದ್ದು ಯಾರಿಗೆ ಎಂದು ತಿಳಿಯಲು ಕಿವಿಯೊಳಗೆ ನೋಡಬೇಕು. ಓಟೋಸ್ಕೋಪ್ (ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣ) ಇಲ್ಲದೆ ಬರೆದ ಕಿವಿಸೋಂಕಿನ ಚೀಟಿ ಊಹೆಯ ಚೀಟಿ. ಮಗುವನ್ನು ತಾಯಿಯ ತೊಡೆಯ ಮೇಲೆ ಪಕ್ಕಕ್ಕೆ ಕೂರಿಸಿ, ತಲೆಯನ್ನು ಅವರ ಎದೆಗೆ ಒರಗಿಸಿ ಹಿಡಿಸಬೇಕು. ಚಿಕ್ಕ ಮಗುವಿನ ಕಿವಿಯನ್ನು ಹಿಂದಕ್ಕೂ ಕೆಳಕ್ಕೂ ಎಳೆದರೆ ನಾಳ ನೆಟ್ಟಗಾಗುತ್ತದೆ. ಒಳಗೆ ಹಿಡಿಸುವಷ್ಟು ದೊಡ್ಡ ತುದಿ ಹಾಕಬೇಕು. ಕಿವಿಯ ತಮಟೆ ಕೆಂಪಾಗಿರುವುದಷ್ಟೇ ಸೋಂಕಿನ ಗುರುತಲ್ಲ. ಮಗು ಅತ್ತರೂ, ಜ್ವರವಿದ್ದರೂ ಅದು ಕೆಂಪಾಗುತ್ತದೆ. ತಮಟೆ ಹೊರಕ್ಕೆ ಉಬ್ಬಿ, ಹಳದಿ ಮಬ್ಬಾಗಿ, ಅದರ ಮೇಲಿನ ಸುತ್ತಿಗೆ ಮೂಳೆಯ ಗೆರೆ ಮರೆಯಾಗಿದ್ದರೆ ಅದು ಬ್ಯಾಕ್ಟೀರಿಯಾ ಸೋಂಕು. ಒಳಗೆ ನೀರಿದೆ, ಉಬ್ಬಿಲ್ಲ, ನೋವಿಲ್ಲ ಎಂದಾದರೆ ಆಂಟಿಬಯಾಟಿಕ್ ಬೇಡ. ಸೋಂಕು ಕಳೆದ ಮೇಲೂ ಆ ನೀರು ವಾರಗಟ್ಟಲೆ ನಿಲ್ಲುವುದು ಸಹಜ. 3 ತಿಂಗಳಾದರೂ ಇದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮಲ್ಲೇ ಇರುವಾಗ ಅದಕ್ಕೆ ದಾರಿ ಹುಡುಕಬೇಕಾಗಿಲ್ಲ.

ಸೋಂಕು ಖಚಿತವಾದರೂ ಎಲ್ಲರಿಗೂ ಅಂದೇ ಔಷಧ ಬೇಕಿಲ್ಲ. ಔಷಧ ಕೊಡದಿದ್ದರೂ ಸುಮಾರು 60% ಮಕ್ಕಳ ನೋವು 24 ಗಂಟೆಯಲ್ಲಿ ಇಳಿಯುತ್ತದೆ. ಎರಡು ವರ್ಷ ದಾಟಿದ, ಜ್ವರ 102 ಡಿಗ್ರಿಗಿಂತ ಕಡಿಮೆಯಿರುವ, ನೋವು ಸಾಧಾರಣವಾಗಿರುವ ಮಗುವಿಗೆ 48ರಿಂದ 72 ಗಂಟೆ ಕಾಯಬಹುದು. 6 ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ಒಂದೇ ಕಿವಿಯಲ್ಲಿ ಸೌಮ್ಯವಾಗಿದ್ದರೂ ಕಾಯಬಹುದು. ಆರು ತಿಂಗಳ ಒಳಗಿನವರಿಗೆ, ಎರಡು ವರ್ಷದೊಳಗೆ ಎರಡೂ ಕಿವಿ ಹಿಡಿದವರಿಗೆ, ಕಿವಿ ಸೋರುತ್ತಿರುವವರಿಗೆ, ಜ್ವರ ಅಥವಾ ನೋವು ಜೋರಾಗಿರುವವರಿಗೆ ಕಾಯುವಂತಿಲ್ಲ. ಕಾಯುವುದೆಂದರೆ ನೋವು ತಿನ್ನಿಸುವುದಲ್ಲ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ ಕೊಡಬೇಕು. 10 ಕಿಲೋ ಮಗುವಿಗೆ 150 ಮಿ.ಗ್ರಾಂ ಅಂದರೆ, 5 ಮಿ.ಲೀ.ಗೆ 250 ಇರುವ ಸಿರಪ್ ಆದರೆ 3 ಮಿ.ಲೀ.; ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಡ್ರಾಪ್ಸ್ ಬಾಟಲಿಯಿಂದ ಸಿರಪ್ಪಿನ ಅಳತೆ ಹಾಕುವುದು ಅಪಾಯ.

ಕಿವಿಯ ಹಿಂದೆ ಊದಿ ಕೆಂಪಾಗಿ ಕಿವಿ ಮುಂದಕ್ಕೆ ತಳ್ಳಿದಂತಾದರೆ, ಮುಖ ಒಂದು ಕಡೆ ವಾಲಿದರೆ, ಕತ್ತು ಬಿಗಿದರೆ, ಮಗು ಮಂಕಾದರೆ ಅದೇ ಗಳಿಗೆಯಲ್ಲಿ ದೊಡ್ಡಾಸ್ಪತ್ರೆಗೆ ಒಯ್ಯಬೇಕು.

ಕಿವಿಗೆ ಬೆಳ್ಳುಳ್ಳಿ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಬಿಡುವುದು ಬೇಡ. ತಮಟೆ ತೂತಾಗಿದ್ದರೆ ಅದು ನೇರ ಒಳಗೆ ಇಳಿಯುತ್ತದೆ. ಎರಡು ವಾರಕ್ಕಿಂತ ಹೆಚ್ಚು ಸೋರುವ ಕಿವಿಯ ಕಥೆಯೇ ಬೇರೆ. ಅಲ್ಲಿ ಸೂಡೋಮೊನಾಸ್, ಸ್ಟ್ಯಾಫಿಲೊಕಾಕಸ್ ಇರುತ್ತವೆ, ಬಾಯಿಯ ಅಮಾಕ್ಸಿಸಿಲಿನ್ ತಾಗದು. ಶುದ್ಧ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಟ್ಟು, ನೆನೆದ ಮೇಲೆ ತೆಗೆದು, ಒಣಗುವವರೆಗೆ ಬದಲಿಸಿ, ಆಮೇಲೆ ಸಿಪ್ರೊಫ್ಲಾಕ್ಸಾಸಿನ್ ಡ್ರಾಪ್ಸ್ ಬಿಡಬೇಕು. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಡ್ರಾಪ್ಸ್ ತೂತಾದ ಕಿವಿಗೆ ಬೇಡ, ಒಳಗಿವಿಯ ನರಕೋಶಗಳಿಗೆ ಅವು ವಿಷ.

ನ್ಯುಮೋನಿಯಾದ ವಿಷಯದಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರು ಮಾಡಬಹುದಾದ ಕೆಲಸ ದೊಡ್ಡದು. ಮಗು ಅಳದೆ ಇರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಬಾರದು. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಅದನ್ನು ಮುಟ್ಟಿದರೂ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಮಗುವಾದರೆ ನೇರ ಆಸ್ಪತ್ರೆಗೆ. ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಆಕ್ಸಿಜನ್ 90ಕ್ಕಿಂತ ಕೆಳಗಿದ್ದರೆ ಯಾವ ವಯಸ್ಸಿನ ಮಗುವೂ ಆಸ್ಪತ್ರೆಗೆ. ಇವು ಯಾವುವೂ ಇಲ್ಲದಿದ್ದರೆ ಮೇಲೆ ಹೇಳಿದ ಮಾತ್ರೆ, 5 ದಿನ. 2019ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ‘ಸಾನ್ಸ್’ ಅಭಿಯಾನ ಹಳ್ಳಿಯಲ್ಲೇ ಮೊದಲ ಡೋಸ್ ಅಮಾಕ್ಸಿಸಿಲಿನ್ ಕೊಟ್ಟು ಕಳಿಸಲು ಅವಕಾಶ ಕೊಟ್ಟಿದೆ. ಮಾತ್ರೆಯೇ ಇಲ್ಲದಿದ್ದರೆ ಆ ಅವಕಾಶ ಕಾಗದದಲ್ಲಿ ಉಳಿಯುತ್ತದೆ. ಶಾಲೆ ಸೇರಿದ ಮಕ್ಕಳಲ್ಲಿ ಮೈಕೊಪ್ಲಾಸ್ಮಾ ನ್ಯುಮೋನಿಯಾ, ಯಾವ ವಯಸ್ಸಿನಲ್ಲೂ ನಾಯಿಕೆಮ್ಮು – ಇವುಗಳಿಗೆ ಅಜಿತ್ರೋಮೈಸಿನ್ ಬೇಕೇ ಬೇಕು. ಅದನ್ನು ಕಾಪಾಡಿಕೊಳ್ಳಬೇಕಾದದ್ದು ಇಂಥವಕ್ಕೆ.

ಗಂಟಲುನೋವಿನ ಬಗ್ಗೆ ಒಂದೇ ಮಾತು. ಸ್ಟ್ರೆಪ್ಟೊಕಾಕಸ್ ಎ ಗುಂಪಿನ ಬ್ಯಾಕ್ಟೀರಿಯಾ ಇಂದಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಅಮಾಕ್ಸಿಸಿಲಿನ್ ಕಿಲೋಗೆ 50 ಮಿ.ಗ್ರಾಂ, ಹೆಚ್ಚೆಂದರೆ 1 ಗ್ರಾಂ, ದಿನಕ್ಕೊಮ್ಮೆ, ತಪ್ಪದೆ 10 ದಿನ. ಇಲ್ಲಿ ದಿನ ಕಡಿಮೆ ಮಾಡಿದರೆ ಹೃದಯದ ಕವಾಟ ಕೆಡುವ ಅಪಾಯವಿದೆ.

ಹಳದಿ, ಹಸಿರು ಸಿಂಬಳ ಕಂಡ ಮಾತ್ರಕ್ಕೆ ಆಂಟಿಬಯಾಟಿಕ್ ಕೇಳಬೇಡಿ. ನೆಗಡಿ 10 ದಿನ ದಾಟಿಯೂ ಕಡಿಮೆಯಾಗದಿದ್ದರೆ, ಇಳಿದು ಮತ್ತೆ ಜ್ವರ ಏರಿದರೆ, ಅಥವಾ ಕೀವಿನಂಥ ಸಿಂಬಳದ ಜೊತೆ 102 ಡಿಗ್ರಿ ಜ್ವರ ಮೂರು ದಿನ ನಿಂತರೆ ಆಗ ಸೈನಸ್ ಸೋಂಕು ಎಂದು ಯೋಚಿಸುತ್ತೇವೆ.

ಪ್ರಯೋಗಾಲಯಗಳ ಕುರಿತು ಆಯುಕ್ತರ ಗಮನಕ್ಕೆ. ನಮ್ಮ ಜಿಲ್ಲೆಗಳಲ್ಲಿ ಯಾವ ಔಷಧ ಎಷ್ಟು ಕೆಲಸ ಮಾಡುತ್ತದೆ ಎಂಬ ಸ್ಥಳೀಯ ಅಂಕಿಅಂಶ ವೈದ್ಯರ ಕೈಗೆ ಸಿಗುತ್ತಿಲ್ಲ. ನ್ಯುಮೋಕಾಕಸ್ ತಾನೇ ತನ್ನನ್ನು ಕರಗಿಸಿಕೊಳ್ಳುವ ಜೀವಿ. ಮಾದರಿ ತಡವಾಗಿ ತಲುಪಿದರೆ ಏನೂ ಬೆಳೆಯುವುದಿಲ್ಲ. ಹಿಮೋಫಿಲಸ್‌ಗೆ ಚಾಕೊಲೇಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸಲು ಬಿಸಿಮಾಡಿದ ರಕ್ತ ಸೇರಿಸಿದ, ಕಂದು ಬಣ್ಣದ ಪೋಷಕ ಪದಾರ್ಥ) ಬೇಕು, ಎರಡಕ್ಕೂ 5% ಇಂಗಾಲದ ಡೈಆಕ್ಸೈಡ್ ಬೇಕು. ಕುರಿರಕ್ತದ ಬದಲು ರಕ್ತನಿಧಿಯ ಅವಧಿ ಮೀರಿದ ರಕ್ತ ಬಳಸಿದ ಅಗಾರ್‌ನಲ್ಲಿ ಇವು ಸರಿಯಾಗಿ ಬೆಳೆಯುವುದಿಲ್ಲ. ಹೊರಕಿವಿಗೆ ಹತ್ತಿಕಡ್ಡಿ ಒತ್ತಿ ಕಳಿಸಿದರೆ ಬರುವುದು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ವರದಿ, ಮಧ್ಯಕಿವಿಯದ್ದಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಪ್ರಯೋಗಾಲಯಗಳಿಗೆ ಇಷ್ಟು ಸಾಮಗ್ರಿ ಕೊಟ್ಟು, ವರ್ಷಕ್ಕೊಮ್ಮೆ ಜಿಲ್ಲಾವಾರು ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಬೇಕು.

ಲಸಿಕೆ ನಮ್ಮ ಕೆಲಸವನ್ನು ಅರ್ಧ ಹಗುರ ಮಾಡುತ್ತದೆ. ನ್ಯುಮೋಕಾಕಸ್ ಲಸಿಕೆ ಭಾರತದ ಸಾರ್ವತ್ರಿಕ ಕಾರ್ಯಕ್ರಮಕ್ಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಬಂದು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 6ನೇ ವಾರ, 14ನೇ ವಾರ, 9ನೇ ತಿಂಗಳು – ಮೂರು ಡೋಸ್, ಉಚಿತ. ಮೂರನೆಯದು ದಡಾರ–ರುಬೆಲ್ಲಾ ಲಸಿಕೆಯ ಹೊತ್ತಿಗೇ ಬರುತ್ತದೆ. ಕೆಲಸ ಅರಸಿ ಊರು ಬದಲಿಸುವ ಕಟ್ಟಡ ಕಾರ್ಮಿಕರ, ಕಬ್ಬು ಕಡಿಯುವವರ ಮಕ್ಕಳಿಗೆ ಅದು ತಪ್ಪದಂತೆ ನೋಡಿಕೊಳ್ಳಬೇಕು. ಮನೆಯೊಳಗಿನ ಸೌದೆ ಹೊಗೆ, ಬೀಡಿ ಸಿಗರೇಟಿನ ಹೊಗೆ, ಮಲಗಿಸಿ ಬಾಟಲಿ ಹಾಲು ಕುಡಿಸುವುದು – ಇವು ಕಿವಿಯ ಸೋಂಕನ್ನು ಹೆಚ್ಚಿಸುತ್ತವೆ.

ಔಷಧ ನಿಯಂತ್ರಣ ಅಧಿಕಾರಿಗಳಿಗೆ: 2013ರಲ್ಲಿ ಅಧಿಸೂಚನೆಯಾಗಿ 2014ರ ಮಾರ್ಚ್ 1ರಿಂದ ಜಾರಿಯಾದ ಎಚ್1 ಪಟ್ಟಿಯ 46 ಔಷಧಗಳಲ್ಲಿ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇವೆ. ಚೀಟಿ ಬರೆದವರ ಹೆಸರು–ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ, ಇಷ್ಟನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ರಿಜಿಸ್ಟರನ್ನು ತೆರೆದು ನೋಡಿ, ಖರೀದಿ ಬಿಲ್ಲಿನೊಂದಿಗೆ ತಾಳೆ ಹಾಕಿ. ಆ 46ರಲ್ಲಿ ಅಜಿತ್ರೋಮೈಸಿನ್ ಇಲ್ಲ. ಅದನ್ನು ಸೇರಿಸಲು ರಾಜ್ಯ ಕೇಂದ್ರಕ್ಕೆ ಬರೆಯಬೇಕು. ಅಲ್ಲಿಯವರೆಗೂ ಅದು ಎಚ್ ಪಟ್ಟಿಯ ಔಷಧ, ಚೀಟಿಯಿಲ್ಲದೆ ಮಾರುವಂತಿಲ್ಲ. ನೆರೆಯ ಕೇರಳ 2018ರಲ್ಲೇ ತನ್ನದೇ ಕ್ರಿಯಾಯೋಜನೆ ಮಾಡಿಕೊಂಡಿತು, 2024ರಲ್ಲಿ ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವ ಅಂಗಡಿಗಳ ಮೇಲೆ ಅನಿರೀಕ್ಷಿತ ತಪಾಸಣೆ ಶುರುಮಾಡಿತು. ನಮ್ಮಲ್ಲೂ ಆಗಬಹುದು. ಆದರೆ ಕಟ್ಟುನಿಟ್ಟಿನ ಜೊತೆಗೆ ಸರ್ಕಾರಿ ಕೇಂದ್ರದಲ್ಲಿ ವೈದ್ಯರೂ ಔಷಧವೂ ಇರಬೇಕು. ಹತ್ತಿರದ ಪಿಎಚ್‌ಸಿ ಸಂಜೆ ಮುಚ್ಚಿರುವ ಊರಿನಲ್ಲಿ ಮೆಡಿಕಲ್ ಶಾಪೊಂದೇ ಗತಿ ಎಂಬುದನ್ನು ನಾವು ಬಲ್ಲೆವು.

ಮಾನ್ಯ ಸಚಿವರೇ, ಮಳೆ ಹಿಡಿಯುತ್ತಿದ್ದಂತೆ ಕೆಮ್ಮು–ನೆಗಡಿ, ಅದರ ಬೆನ್ನಿಗೇ ಕಿವಿನೋವು ಏರುತ್ತದೆ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಇವು. ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮುಂದಿನ ಟೆಂಡರಿನಲ್ಲಿ ಅಮಾಕ್ಸಿಸಿಲಿನ್ 250 ಮಿ.ಗ್ರಾಂ ಕರಗುವ ಮಾತ್ರೆ ಎಲ್ಲ ಪಿಎಚ್‌ಸಿ, ಉಪಕೇಂದ್ರ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿಗೆ; 600–42.9ರ ಸಿರಪ್, ಬಾಟಲಿಗೊಂದು 5 ಮಿ.ಲೀ. ಸಿರಿಂಜ್ ಸಹಿತ, ತಾಲ್ಲೂಕು ಆಸ್ಪತ್ರೆಗಳಿಗೆ. ಪ್ರತಿ ಪಿಎಚ್‌ಸಿಗೆ ಕೆಲಸ ಮಾಡುವ ಒಂದು ಓಟೋಸ್ಕೋಪ್, ಮೂರು ಅಳತೆಯ ತುದಿಗಳು, ಬದಲಿ ಬ್ಯಾಟರಿ ಮತ್ತು ಬಲ್ಬ್. ಉಪಕರಣ ಕಪಾಟಿನಲ್ಲಿದ್ದು ಬ್ಯಾಟರಿ ಇಲ್ಲದೆ ವರ್ಷ ಕಳೆಯುವುದು ಬೇಡ. ತೂಕದ ಪ್ರಕಾರ ಮಿ.ಲೀ. ಮತ್ತು ಮಾತ್ರೆ ಎಷ್ಟು ಎಂದು ಕನ್ನಡದಲ್ಲಿ ಅಚ್ಚಾದ ಒಂದೇ ಪುಟದ ಪಟ್ಟಿಯನ್ನು ವೈದ್ಯರ ಮೇಜಿಗೂ ಔಷಧ ಕೊಡುವ ಕಿಟಕಿಗೂ ಅಂಟಿಸಬೇಕು. ಆ ಪಟ್ಟಿಯ ಕರಡನ್ನೂ ಟೆಂಡರಿಗೆ ಬೇಕಾದ ತಾಂತ್ರಿಕ ವಿವರಣೆಯನ್ನೂ ಸಂಭಾವನೆಯಿಲ್ಲದೆ ಬರೆದುಕೊಡಲು, ಜಿಲ್ಲಾ ಮಟ್ಟದಲ್ಲಿ ಓಟೋಸ್ಕೋಪ್ ತರಬೇತಿ ನಡೆಸಿಕೊಡಲು ನಾವು ಸಿದ್ಧರಿದ್ದೇವೆ. ಇಲಾಖೆ ದಿನ ಗೊತ್ತುಮಾಡಲಿ.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳ ವೈದ್ಯರು, ಕಿವಿ–ಮೂಗು–ಗಂಟಲು ವೈದ್ಯರು, ಸೂಕ್ಷ್ಮಜೀವಿ ತಜ್ಞರು ಮತ್ತು ಫಾರ್ಮಸಿಸ್ಟರು